ಪುಂಡಲೀಕನಿಗೆ ನಾನು ತೊಡಿಸಿದ ಕೋಟು

ಪುಂಡಲೀಕನಿಗೆ ಆ ಕೋಟು ಒಪ್ಪುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ತೊಡಿಸಿದೆ. ಭುಜದ ಹೊಲಿಗೆ ಎರಡು ಬೆರಳು ಕೆಳಗೆ ಜಾರಿತ್ತು, ತೋಳು ಹೆಬ್ಬೆರಳಿನ ಗೆಣ್ಣು ಮುಟ್ಟುತ್ತಿತ್ತು, ಬಟ್ಟೆಗೆ ಒಂದು ಅಗ್ಗದ ಹೊಳಪಿತ್ತು — ಇವು ಎಂಥ ತಪ್ಪುಗಳು ಎನ್ನುವುದನ್ನು ನಾನು ಹತ್ತು ವರ್ಷ ಕೂತು ಕಲಿತಿದ್ದೆ. ಆದರೂ "ಭಾರೀ ಒಪ್ಪೇತಿ" ಅಂದೆ. ಎಂಟು ವರ್ಷವಾಯಿತು. ಇದನ್ನು ಇಷ್ಟು ದಿನ ನನ್ನ ಹೆಂಡತಿಗೂ ಹೇಳಿರಲಿಲ್ಲ.

ಗಂಡಸರ ಉಡುಪೆಂದರೆ ನನಗೆ ಕಾಲೇಜಿನ ದಿನಗಳಿಂದಲೂ ಹುಚ್ಚು. ಹಿಂದವಾಡಿಯ ನಮ್ಮ ಮನೆಯಲ್ಲಿ ಬಟ್ಟೆ ಎಂದರೆ ದೀಪಾವಳಿಗೊಂದು ಜೊತೆ, ಅಷ್ಟೆ. ನಾನು ಮಾತ್ರ ಬೆಳಗಾವಿಯ ಕ್ಯಾಂಪ್ ಕಡೆಯ ರದ್ದಿ ಅಂಗಡಿಯಲ್ಲಿ ಕೂತು ಹಳೆಯ ಪರದೇಶದ ಮ್ಯಾಗಝೀನುಗಳನ್ನು ಆರಿಸಿ ತರುತ್ತಿದ್ದೆ. ಪುಟಗಳು ಹರಿದಿರುತ್ತಿದ್ದವು, ನುಣುಪು ಕಾಗದಕ್ಕೆ ಇನ್ನೂ ಅತ್ತರಿನ ವಾಸನೆ ಅಂಟಿರುತ್ತಿತ್ತು. ಡಿಸೈನರುಗಳ ಹೆಸರು ಉಚ್ಚರಿಸಲು ಬರುತ್ತಿರಲಿಲ್ಲ, ಆದರೆ ಅವರ ಕೈ ಗುರುತಿಸುತ್ತಿದ್ದೆ — ಇವನು ಭುಜ ಸಡಿಲ ಬಿಡುವವನು, ಇವನು ಸೊಂಟ ಬಿಗಿಯುವವನು. ನನ್ನದೇ ಆದ ಕೆಲವು ಹಟಗಳೂ ಬೆಳೆದವು. ಬೆಲ್ಟಿನ ಬಕಲ್ ಕಣ್ಣಿಗೆ ಹೊಡೆಯಬಾರದು. ಗಡಿಯಾರ ತೋಳಿನೊಳಗೆ ಅರ್ಧ ಅಡಗಿರಬೇಕು. ಯಾವ ಉಡುಪೂ ಮನುಷ್ಯನಿಗಿಂತ ಮೊದಲು ಕೋಣೆಯೊಳಗೆ ಬರಬಾರದು. ಇವತ್ತಿಗೂ ನಾನು ಇದನ್ನೆಲ್ಲ ನಂಬುತ್ತೇನೆ. ಅದಕ್ಕೇ ನನ್ನ ತಪ್ಪು ಇನ್ನಷ್ಟು ದೊಡ್ಡದು.

ಪುಂಡಲೀಕ ಮತ್ತು ನಾನು ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಪ್ಯಾಂಟ್‌ಪೀಸ್ ವಿಭಾಗದಲ್ಲಿದ್ದೆವು. ಅವನು ದಿನಾ ಖಾನಾಪುರದಿಂದ ರೈಲಿನಲ್ಲಿ ಬರುತ್ತಿದ್ದ. ಮನೆಯಲ್ಲಿ ಮರಾಠಿ, ನನ್ನ ಜೊತೆ ಕನ್ನಡ. ಅವನಿಗಿದ್ದದ್ದು ನಾಲ್ಕೇ ಅಂಗಿ, ಮ್ಯಾಗಝೀನಿನ ಮುಖ ನೋಡಿದವನಲ್ಲ. ಆದರೆ ಅಂಗಿಯ ತೋಳು ಮಡಚಿದರೆ ಅದು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲುತ್ತಿತ್ತು. ಗಿರಾಕಿಯ ಹೆಗಲ ಮೇಲೆ ಬಟ್ಟೆ ಹಾಕಿ ಎರಡು ಹೆಜ್ಜೆ ಹಿಂದೆ ಸರಿದು, "ಈ ಬಣ್ಣ ಬ್ಯಾಡ್ರಿ, ನಿಮ್ಮ ಮಾರಿ ಕಪ್ಪಿಡತೈತಿ" ಅನ್ನುತ್ತಿದ್ದ. ಅವನ ಮಾತು ತಪ್ಪಿದ್ದನ್ನು ನಾನು ನೋಡಿಲ್ಲ. ನಾನು ಓದಿ ಕಲಿತದ್ದು ಅವನಿಗೆ ಸುಮ್ಮನೆ ಬಂದುಬಿಟ್ಟಿತ್ತು. ಅದು ನನಗೆ — ಹೇಗೆ ಹೇಳಲಿ — ಹಲ್ಲಿಗೆ ಸಿಕ್ಕಿಕೊಂಡ ನಾರಿನ ಹಾಗೆ.

ಆ ವರ್ಷ ಪುಣೆಯ ಡಿಸೈನರ್ ಒಬ್ಬರು ಬೆಳಗಾವಿಯಲ್ಲಿ ಗಂಡಸರ ಉಡುಪಿನ ಮಳಿಗೆ ತೆರೆಯಲು ಹೊರಟರು. ಅದಕ್ಕೊಬ್ಬ ಮುಖ್ಯಸ್ಥ ಬೇಕಿತ್ತು. ನಾವಿಬ್ಬರೂ ಅರ್ಜಿ ಹಾಕಿದೆವು. ಓದಿನ ಪ್ರಮಾಣಪತ್ರ ಏನೂ ತರಬೇಡಿ, ನಿಮಗೆ ಸರಿಕಂಡಂತೆ ಉಡುಪು ಧರಿಸಿ ಬನ್ನಿ, ಅದರ ಬಗ್ಗೆಯೇ ಮಾತಾಡೋಣ ಎಂದು ಆ ಮ್ಯಾಡಮ್ ಹೇಳಿ ಕಳಿಸಿದ್ದರು.

ಸಂದರ್ಶನದ ಹಿಂದಿನ ರವಿವಾರ ಪುಂಡಲೀಕ ನನ್ನನ್ನು ಖಾನಾಪುರಕ್ಕೆ ಕರೆದ. "ಏನ ಹಾಕ್ಕೊಳ್ಳೂದು ಅಂತ ನೀನ ಹೇಳ. ನಿನಗ ತಿಳಿದಷ್ಟು ನನಗೆಲ್ಲಿ ತಿಳೀತೈತಿ" ಅಂದ. ಒಳಗೆ ಹೋಗಿ ತೊಟ್ಟುಕೊಂಡು ಬಂದ. ಕಾಲರಿಲ್ಲದ ಹಾಲುಬಿಳಿ ಹತ್ತಿ ಅಂಗಿ, ಅದರ ಮೇಲೆ ಕರಿ ಕಂಬಳಿಯ ಬಟ್ಟೆಯಲ್ಲಿ ಹೊಲಿಸಿದ ತೋಳಿಲ್ಲದ ಮೇಲಂಗಿ, ನಮ್ಮ ಕಡೆ ಬಂಡಿ ಅನ್ನುವುದು. ಹತ್ತಿರದ ಜಾಂಬೋಟಿಯಲ್ಲಿ ಮಳೆಗಾಲದ ಗದ್ದೆ ಕೆಲಸಕ್ಕೆ ಹೊದೆಯುವ ಕಂಬಳಿ ಅದು. ಅದರಲ್ಲಿ ಬಂಡಿ ಹೊಲಿಸಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ಒರಟು ಉಣ್ಣೆ ಅವನ ಎದೆಯ ಮೇಲೆ ಕಲ್ಲಿನಲ್ಲಿ ಕಡೆದಂತೆ ಕೂತಿತ್ತು. ನನ್ನ ಮ್ಯಾಗಝೀನುಗಳು ನೂರಾರು ಪುಟಗಳಲ್ಲಿ ಹುಡುಕುತ್ತಿದ್ದದ್ದು ಖಾನಾಪುರದ ಆ ಪಡಸಾಲೆಯಲ್ಲಿ ನಿಂತಿತ್ತು.

ನನಗೆ ಖುಷಿಯಾಗಬೇಕಿತ್ತು. ಒಂದು ಕ್ಷಣ ಆಯಿತು ಕೂಡ. ಆಮೇಲೆ — ಇವನು ಹೀಗೇ ಹೋದರೆ ನನ್ನ ಕಥೆ ಮುಗಿಯಿತು ಅನ್ನಿಸಿತು.

"ಹಳ್ಳಿ ಕಡೀದು ಕಂಡಂಗ ಕಾಣತೈತೋ" ಅಂದೆ. "ಪುಣೆಯವರ ಮುಂದ ಇದು ನಡ್ಯಂಗಿಲ್ಲ. ನನ್ನ ಕೋಟ್ ಕೊಡ್ತೀನಿ, ಅದನ್ನ ಹಾಕ್ಕೊ."

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಸುನಂದಾ, "ನನಗೇನೋ ಇದ ಛಲೋ ಕಾಣತೈತಿ" ಅಂದಳು. ಪುಂಡಲೀಕ ನಕ್ಕು, "ನಿನಗೇನ ತಿಳೀತೈತಿ, ಅಂವಾ ತಿಳಿದಾಂವ ಅದಾನ" ಅಂದ.

ಆ ಮಾತಿನ ನಂತರವಾದರೂ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಸದಾಶಿವನಗರದ ನೆಂಟರ ಮದುವೆಗೆಂದು ಅವಸರದಲ್ಲಿ ಕೊಂಡು ಒಮ್ಮೆ ತೊಟ್ಟು ಬಿಟ್ಟಿದ್ದ ಕೋಟನ್ನು ತಂದುಕೊಟ್ಟೆ. ಜೊತೆಗೆ ದೊಡ್ಡ ಬಕಲ್ಲಿನ ಬೆಲ್ಟು. ಆ ಬೆಲ್ಟು ಯಾಕೆ ಕೊಟ್ಟೆ? ಕೋಟೊಂದೇ ಸಾಕಾಗುತ್ತಿತ್ತು. ಅದನ್ನು ನೆನೆದಾಗಲೆಲ್ಲ ಕೂತಲ್ಲಿ ಕೂರಲಾಗುವುದಿಲ್ಲ.

ಸಂದರ್ಶನದ ದಿನ ನಾನು ಬೂದು ಪ್ಯಾಂಟು, ಬಿಳಿ ಅಂಗಿ ತೊಟ್ಟು ಮೊದಲು ಹೋಗಿ ಬಂದೆ. ಸಂದರ್ಶನ ನಡೆಯುತ್ತಿದ್ದ ಹೋಟೆಲಿನ ಬಾಗಿಲಲ್ಲಿ ಪುಂಡಲೀಕ ಎದುರಾದ. ಕೋಟಿನೊಳಗೆ ಅವನ ಭುಜಗಳೇ ಕಳೆದುಹೋಗಿದ್ದವು. "ಸರಿ ಐತಿಲ್ಲೊ?" ಅಂತ ಕೇಳಿದ. ಆಗಲೇ ನಾನು "ಭಾರೀ ಒಪ್ಪೇತಿ" ಅಂದದ್ದು.

ಒಳಗೆ ನಡೆದದ್ದನ್ನು ಅವನೇ ಆಮೇಲೆ ಹೇಳಿದ. ಕೋಟು ಯಾರದು ಎಂದು ಮ್ಯಾಡಮ್ ಕೇಳಿದರಂತೆ. "ಗೆಳ್ಯಾಂದ್ರಿ" ಅಂದನಂತೆ. ನಿಮ್ಮದೇ ಆದದ್ದು ಯಾಕೆ ಹಾಕಿಕೊಂಡು ಬರಲಿಲ್ಲ ಎಂದದ್ದಕ್ಕೆ, "ನಂದು ಹಳ್ಳಿ ಕಡೀದ್ ಕಂಡಂಗ ಕಾಣತೈತ್ರಿ" ಅಂದನಂತೆ. ನನ್ನ ಮಾತು, ಅವನ ಬಾಯಲ್ಲಿ.

ಕೆಲಸ ನನಗೆ ಸಿಕ್ಕಿತು. ಅವನು ಕೋಟನ್ನು ಇಸ್ತ್ರಿ ಮಾಡಿಸಿ ತಂದು ಕೊಟ್ಟು, "ನಿನ್ನ ಉಪಕಾರ ಆತು" ಅಂದ.

ಇಲ್ಲಿಗೇ ನಿಂತಿದ್ದರೆ ಹೊಟ್ಟೆಕಿಚ್ಚಿನ ಒಂದು ಗಳಿಗೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆನೇನೋ. ನಿಲ್ಲಲಿಲ್ಲ. ಎರಡನೆಯ ವರ್ಷ ಮ್ಯಾಡಮ್, ಈ ನೆಲದ್ದು ಅನ್ನಿಸುವಂಥದ್ದು ಏನಾದರೂ ಮಾಡಿ ಅಂದರು. ನಾನು ಕಂಬಳಿಯ ಬಟ್ಟೆ ತರಿಸಿ ಬಂಡಿ ಹೊಲಿಸಿದೆ. ಒಳಗೆ ಹಾಲುಬಿಳಿ, ಕಾಲರಿಲ್ಲದ ಅಂಗಿ. ಒಂದು ಗುಂಡಿಯೂ ಬದಲಿಸಲಿಲ್ಲ. ಬದಲಿಸಲು ಏನೂ ಇರಲಿಲ್ಲ, ಅದು ಅಷ್ಟು ಸರಿಯಾಗಿತ್ತು. ಜನ ಹುಡುಕಿಕೊಂಡು ಬಂದರು. ಫ್ಯಾಶನ್ ಮ್ಯಾಗಝೀನ್ ಒಂದರಲ್ಲಿ ಇಡೀ ಪುಟದ ಚಿತ್ರ ಬಂತು. ವಿನ್ಯಾಸ ಎಂದಿದ್ದ ಕಡೆ ನನ್ನ ಹೆಸರು.

ಒಂದು ವಾರಕ್ಕೆ ಪುಂಡಲೀಕ ಅದೇ ಮ್ಯಾಗಝೀನು ಹಿಡಿದು ಮಳಿಗೆಗೆ ಬಂದ. ಬರುವಾಗ ಪೇಡೆ ತಂದಿದ್ದ. "ನಿನ್ನ ಹೆಸರು ಬಂದೈತಿ, ಓದ್ದಿ?" ಅಂದ. ಚಿತ್ರದ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದ.

"ಇದು ನಂದರ ಹಂಗ ಐತಲ್ಲ" ಅಂದ. ಆರೋಪ ಮಾಡುವ ದನಿಯಲ್ಲಿರಲಿಲ್ಲ. ಕೇಳಿ ತಿಳಿದುಕೊಳ್ಳುವವನ ಹಾಗೆ ಅಂದ.

"ಹಂಗೇನಿಲ್ಲೋ. ಇಂಥಾವು ಎಲ್ಲಾ ಕಡಿ ಅದಾವು" ಅಂದೆ.

"ಖರೇ, ಇರಬೇಕು" ಅಂದ. ಪೇಡೆ ಮೇಜಿನ ಮೇಲಿಟ್ಟು ಹೋದ. ಮತ್ತೆ ಮಳಿಗೆಗೆ ಬರಲಿಲ್ಲ.

ಕಳೆದ ತಿಂಗಳು ಅದೇ ಮ್ಯಾಗಝೀನಿನವರು ನನ್ನ ಅಭಿರುಚಿಯ ಬಗ್ಗೆ ಒಂದು ಲೇಖನ ಕೇಳಿದರು. ನಿಮ್ಮ ಕಣ್ಣು ಹೇಗೆ ರೂಪುಗೊಂಡಿತು, ಬರೆಯಿರಿ ಅಂದರು. ಭುಜ, ಬಕಲ್, ಗಡಿಯಾರ ಎಲ್ಲ ಬರೆದೆ. ಕಂಬಳಿಯ ಬಂಡಿಗೆ ಬಂದಾಗ ಕೈ ನಿಂತಿತು. ನಾಲ್ಕು ದಿನ ಕೂತೆ, ಎದ್ದೆ, ಹರಿದೆ. ಐದನೆಯ ದಿನ ಮಧ್ಯಾಹ್ನ ಖಾನಾಪುರದ ಬಸ್ಸು ಹತ್ತಿದೆ.

ಪುಂಡಲೀಕನಿಗೆ ಈಗ ಬಜಾರಿನಲ್ಲಿ ಸಣ್ಣದೊಂದು ಅಂಗಡಿಯಿದೆ. ಶಾಲೆಯ ಯೂನಿಫಾರ್ಮ್ ಬಟ್ಟೆ ಮಾತ್ರ ಇಡುತ್ತಾನೆ — ನೀಲಿ, ಖಾಕಿ, ಬಿಳಿ. "ಬರ್ರಿ, ಕುಂದರ್ರಿ" ಅಂದ. ನನಗೆ ಬಹುವಚನ. ನಾನು ನಿಂತೇ ಎಲ್ಲ ಹೇಳಿದೆ. ಕೋಟು, ಬೆಲ್ಟು, ಬಾಗಿಲಲ್ಲಿ ಅಂದ ಮಾತು, ಮ್ಯಾಗಝೀನಿನ ಪುಟ. ಅವನು ಗಜಕಡ್ಡಿ ಹಿಡಿದು ಕೇಳಿದ. ಕೊನೆಗೆ ಒಂದೇ ಪ್ರಶ್ನೆ ಕೇಳಿದ.

"ಅವತ್ತ ನಾ ಹಾಕ್ಕೊಂಡದ್ದು ಖರೇನ ಛಲೋ ಕಾಣತಿತ್ತ?"

"ನಾ ನೋಡಿದ್ದರಾಗ ಅದಕಿಂತ ಛಲೋದು ಇಲ್ಲ" ಅಂದೆ.

"ಕನ್ನಡ್ಯಾಗ ನೋಡ್ಕೊಂಡಾಗ ನನಗೂ ಹಂಗ ಅನಿಸಿತ್ತು. ನೀ ಅಲ್ಲ ಅಂದಿ. ಅವತ್ತಿಂದ ಯಾವ ಗಿರಾಕಿಗೂ ಇದು ಒಪ್ಪತೈತಿ, ಇದು ಒಪ್ಪಂಗಿಲ್ಲ ಅಂತ ಹೇಳಾಕ ಧೈರ್ಯ ಬರಲಿಲ್ಲ. ಅದಕ್ಕ ಈ ಅಂಗಡಿ ಹಾಕೀನಿ." ಕಪಾಟಿನ ಕಡೆ ಕೈ ತೋರಿಸಿದ. "ಇದರಾಗ ಆರಿಸಿ ಕೊಡೂದು ಏನೂ ಇರಂಗಿಲ್ಲ."

ನಾನು ಕಿತ್ತುಕೊಂಡದ್ದು ಒಂದು ಕೆಲಸ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೆ.

ತಾಯಿಯೊಬ್ಬಳು ಮಗಳ ಲಂಗಕ್ಕೆ ನೀಲಿ ಬಟ್ಟೆ ಕೇಳಿಕೊಂಡು ಬಂದಳು. ಅವನು ನನ್ನ ಕಡೆ ಬೆನ್ನು ತಿರುಗಿಸಿ ಬಟ್ಟೆಯ ಥಾನು ಬಿಚ್ಚಿದ. ಅಳೆದ, ಕತ್ತರಿಸಿದ, ಮಡಚಿ ಕೊಟ್ಟ. ಮತ್ತೆ ನನ್ನತ್ತ ನೋಡಲಿಲ್ಲ. ನಾನು ಇಳಿದು ಬಂದೆ.

ಮರುದಿನ ಮ್ಯಾಡಮ್‌ಗೆ ಎಲ್ಲ ತಿಳಿಸಿದೆ. ಮಳಿಗೆಯಲ್ಲಿ ನನ್ನನ್ನು ಇಟ್ಟುಕೊಳ್ಳುವುದು, ಬಿಡುವುದು ಅವರಿಗೆ ಬಿಟ್ಟದ್ದು. ಮ್ಯಾಗಝೀನಿಗೆ ನನ್ನ ಅಭಿರುಚಿಯ ಲೇಖನ ಕಳಿಸಲಿಲ್ಲ, ಇದನ್ನೇ ಕಳಿಸುತ್ತಿದ್ದೇನೆ. ಕಂಬಳಿಯ ಬಂಡಿ ಖಾನಾಪುರದ ಪುಂಡಲೀಕನದು. ಅವನು ನನ್ನನ್ನು ಕ್ಷಮಿಸಿಲ್ಲ, ಕ್ಷಮಿಸು ಎಂದು ನಾನು ಕೇಳಿಯೂ ಇಲ್ಲ.