ಆ ಕಲ್ಲಿನ ಮೇಲೆ ಗೋಡೆ ಇರಲಿಲ್ಲ

ಮೊನ್ನೆ ಭಾನುವಾರ ನನ್ನ ಮೊಮ್ಮಗಳು ಇಡೀ ಜಗತ್ತನ್ನೇ ಸುಳ್ಳು ಮಾಡಿಬಿಟ್ಟಳು. ಅದೂ ನಾನು ತೊಗರಿಬೇಳೆ ಆರಿಸುತ್ತ ಕುಳಿತಿದ್ದಾಗ!

ಅಂಬಿಕಾ ಹತ್ತನೇ ಕ್ಲಾಸು. ಶಾಲೆಯ ಮ್ಯಾಗಜಿನ್‌ಗೆ ಸೈನ್ಸ್ ಫಿಕ್ಷನ್ ಕತೆ ಬರೆದಿದ್ದಳು. ಹಾಗೆಂದರೇನು ಎಂದು ಈ ಅಂಕಣ ಓದುವ ನಿಮ್ಮಂಥ ಮೊಮ್ಮಕ್ಕಳಿಗೆ ಹೇಳಬೇಕಿಲ್ಲ. (ನನಗೆ ಹೇಳಬೇಕಾಯಿತು. ನಾನು ಊರ ಶಾಲೆಯಲ್ಲಿ ಏಳನೆಯವರೆಗೆ ಕಲಿತವಳು.)

"ಆಯಿ, ಇದರಾಗ ಎಲ್ಲಾರಿಗೂ ಹುಟ್ಟಿದ ಕೂಡ್ಲೇ ಕಣ್ಣಿಗಿ ಒಂದು ಡಬ್ಬಿ ಕಟ್ಟತಾರ. ಹೊಲ, ಸೂರ್ಯ, ಬಸ್ ಸ್ಟ್ಯಾಂಡ್, ಎಲ್ಲಾ ಅದರಾಗ ಕಂಪ್ಯೂಟರ್ ತೋರಸ್ತದ. ಯಾವುದೂ ಖರೇ ಅಲ್ಲ."

"ಹಂಗಾದ್ರ ಈ ಬ್ಯಾಳಿನೂ ಸುಳ್ಳಾ? ಬಿಟ್ಟು ಏಳ್ಲೇನು?"

"ಬ್ಯಾಳಿ ಸುಳ್ಳು. ಹಸಿವಿ ಖರೇ ಅದ. ಆರಸು, ಆರಸು!"

ನಕ್ಕೆ. ಅವಳು ಓದಿದಳು.

ಕತೆಯ ಹುಡುಗಿ ತಾರಾ. ತಾನಿರುವ ಊರು ನಿಜವಲ್ಲ ಎಂದು ಅವಳಿಗೆ ಅನುಮಾನ ಬರುತ್ತದೆ. ಹೇಗೆ? ಅವಳ ಮನೆಯ ಪಡಸಾಲೆಯಲ್ಲಿ ಯಾವ ಶುಭಕಾರ್ಯವಾದರೂ ಒಬ್ಬ ಮುದುಕಿ ನೆಲದ ನಡುವೆ ಹಾಸಿದ ಫರಸಿಕಲ್ಲಿನವರೆಗೆ ಬಂದು ಹಿಂದಿರುಗುತ್ತಾಳೆ. ಪ್ರತಿ ಸಲವೂ ಅದೇ ಕಲ್ಲು. ತಾರಾ ಹೋಗಿ ಕೈಯಾಡಿಸಿ ನೋಡುತ್ತಾಳೆ. ಗೋಡೆಯಿಲ್ಲ, ಮುಳ್ಳಿಲ್ಲ, ಬರೀ ಗಾಳಿ! 'ಓಹೋ, ಇಲ್ಲಿ ಯಾರೋ ಪ್ರೋಗ್ರಾಮ್ ಮಾಡಿದ್ದಾರೆ' ಅಂದುಕೊಳ್ಳುತ್ತಾಳೆ.

ಮೊರದ ಮೇಲೆ ನನ್ನ ಕೈ ನಿಂತಿತು.

ನಿಮ್ಮ ಮುತ್ಯಾ, ಅಂದರೆ ನನ್ನ ಯಜಮಾನರು, ತೀರಿಹೋದ ಮೇಲೆ ಆರತಿ, ಅರಿಶಿನ ಕುಂಕುಮದ ಹೊತ್ತಿನಲ್ಲಿ ನಾನು ಬಾಗಿಲ ಕಡೆ ನಿಲ್ಲುತ್ತೇನೆ. ಹೀಗೆ ನಿಲ್ಲು ಎಂದು ಯಾರೂ ಹೇಳಿದ ನೆನಪಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಅಂಬಿಕಾ ಮುಂದೆ ಓದಿದಳು. ಆ ಸುಳ್ಳು ಜಗತ್ತನ್ನು ನಡೆಸುವ ಕಂಪನಿ ಅಲ್ಲಿ ಗೋಡೆಯನ್ನೇಕೆ ಕಟ್ಟಲಿಲ್ಲ? ಗೋಡೆಗೆ ಖರ್ಚು. ತಡೆಸಿಕೊಂಡವರನ್ನೇ ಕಾವಲಿಗೆ ನಿಲ್ಲಿಸಿದರೆ ಪುಕ್ಕಟೆ! ಅದಕ್ಕೇ ಒಂದು ದಿನ ಹರೆಯದ ಹೆಣ್ಣುಮಗಳೊಬ್ಬಳು ಆ ಕಲ್ಲು ದಾಟಲು ಹೊರಟಾಗ, ಅದೇ ಮುದುಕಿ ಓಡಿಬಂದು ಅವಳ ಮುಂಗೈ ಹಿಡಿದು ಎಳೆಯುತ್ತಾಳೆ.

"ಆ ಮುದುಕಿ ಯಾರವ್ವ?" ಎಂದೆ.

"ಯಾರೂ ಅಲ್ಲ ಆಯಿ. ಬರೇ ಕತಿ."

ಹೇಳುವಾಗ ಅವಳು ಹಾಳೆಯಿಂದ ತಲೆಯೆತ್ತಲಿಲ್ಲ. ಹದಿನೈದರ ಹುಡುಗಿ ನನ್ನ ಮಾನ ಮುಚ್ಚುತ್ತಿದ್ದಳು.

ಆದದ್ದು ಇಷ್ಟು. ಹೋದ ತಿಂಗಳು ಚಿತ್ತಾಪುರದ ನಮ್ಮ ಓಣಿಯಲ್ಲಿ ಸುಜಾತಾ ಎಂಬ ಬಸುರಿಯ ಕುಬಸ, ಅಂದರೆ ಸೀಮಂತ, ಇತ್ತು; ಅಂಬಿಕಾಳೂ ನನ್ನ ಜೊತೆ ಬಂದಿದ್ದಳು. ಅವಳ ಒಡಹುಟ್ಟಿದ ಅಕ್ಕ ಶರಣಮ್ಮ ಕಾಳಗಿಯಿಂದ ಬಂದಿದ್ದಳು. ಹೋದ ವರ್ಷ ಗಂಡನನ್ನು ಕಳೆದುಕೊಂಡವಳು. ತಂಗಿಗೆಂದು ತಾನೇ ಆರಿಸಿ ತಂದ ಹಸಿರು ಬಳೆಗಳನ್ನು ಹಿಡಿದು ಮುಂದೆ ನಡೆದಳು. ಸುಜಾತಾ ನಗುತ್ತ ಕೈ ಚಾಚಿಯೂ ಬಿಟ್ಟಳು. ಸುಜಾತಾಳ ಅತ್ತೆ ಸುಮ್ಮನಿದ್ದರು. ನೆರೆದವರೆಲ್ಲ ಸುಮ್ಮನಿದ್ದರು.

ಸುಮ್ಮನಿರದವಳು ನಾನು.

ಎದ್ದುಹೋಗಿ ಮುಂಗೈ ಹಿಡಿದೆ. "ಬ್ಯಾಡವ್ವ. ನಮ್ಮ ಜಾಗಾ ಈ ಕಡಿ" ಎಂದೆ. ಅವಳು ಬಂದಳು. ಸುಜಾತಾಳ ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಬೇರೆ ಯಾರೋ ಬೇರೆ ಬಳೆ ತೊಡಿಸಿದರು. ಹೋಳಿಗೆ ಉಂಡು, ಆ ಹುಡುಗಿಯ ಮಾನ ಉಳಿಸಿದೆ ಎಂಬ ಸಮಾಧಾನದಲ್ಲೇ ಮನೆಗೆ ಬಂದೆ! (ನಾಲ್ಕು ಜನರ ಮುಂದೆ ಬಾಯಿ ಬಿಡಲು ನಾಚುವವಳು ನಾನು. ಆ ದಿನ ಎಲ್ಲಿಂದ ಬಂತು ಅಷ್ಟು ಧೈರ್ಯ?)

ಕತೆ ಕೇಳಿದ ಮರುದಿನ ಕಾಳಗಿಯ ಬಸ್ ಹತ್ತಿದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಶರಣಮ್ಮನ ಮನೆಯಲ್ಲಿ ಕುಳಿತು ಮಾತಾಡಿದ್ದು ಮಾತ್ರ ಬಿಸಿಲಿನ ಬಗ್ಗೆ. ಚಹಾ ಮುಗಿಯಿತು. ಆ ಹಸಿರು ಬಳೆಗಳು ಗೋಡೆಯ ಗೂಡಿನಲ್ಲಿ ಕಾಗದ ಸುತ್ತಿಕೊಂಡು ಹಾಗೇ ಇದ್ದವು.

"ಅವತ್ತು ನಂದು ತಪ್ಪಾಯ್ತವ್ವ" ಎಂದೆ, ಕೊನೆಗೆ.

"ಇರ್ಲಿ ಬಿಡ್ರಿ ಆಯಿ" ಎಂದಳು. ಚಹಾದ ಕಪ್ಪು-ಬಸಿ ಎತ್ತಿಕೊಂಡು ಎದ್ದವಳು ನಿಂತಳು. "ಬ್ಯಾರೆ ಯಾರರ ಹಿಡದಿದ್ರ ಕೈ ಝಾಡಿಸಿ ಹೋಗ್ತಿದ್ದೆ. ಗಟ್ಟಿ ಮನಸು ಮಾಡೇ ಬಂದಿದ್ದೆ. ಆದ್ರ ನೀವು ಹಿಡದ್ರಿ. ಇದನ್ನ ಅನುಭವಿಸಿದಾಕಿ ಹಿಡದಾಳಂದ್ರ ನಂದೇ ತಪ್ಪಿರಬೇಕು ಅನ್ಕೊಂಡೆ."

ಬೈದಿದ್ದರೆ ಚೆನ್ನಾಗಿತ್ತು.

"ಕೂಸಿನ್ನ ತೊಟ್ಟಿಲಕ್ಕ ಹಾಕೋ ದಿನ ಇಬ್ಬರೂ ಕೂಡೇ ಹೋಗಿ ಈ ಬಳಿ ಸುಜಾತಾಗ ತೊಡಸಮು" ಎಂದೆ.

"ಮೊದಲ ನೀವು ಮುಂದ ನಡೀರಿ, ನೋಡಮು" ಎಂದಳು. ನಗುತ್ತ ಹೇಳಿದಳೋ, ನಂಬದೆ ಹೇಳಿದಳೋ ತಿಳಿಯಲಿಲ್ಲ. ಆ ದಿನ ನನ್ನ ಕಾಲುಗಳು ಆ ಕಲ್ಲು ದಾಟುತ್ತವೆಯೇ? ಅದನ್ನೂ ಈಗಲೇ ಆಣೆಯಿಟ್ಟು ಹೇಳಲಾರೆ. ಇಷ್ಟು ವರ್ಷ ಪಳಗಿದ ಕಾಲುಗಳು.

ಅಂಬಿಕಾಳ ಕತೆಯಲ್ಲಿ, ಕಣ್ಣಿಗೆ ಡಬ್ಬಿ ಕಟ್ಟಿದವರು ಯಾರೆಂದು ತಾರಾ ಕೊನೆಯವರೆಗೂ ಹುಡುಕುತ್ತಾಳೆ. ಸಿಗುವುದಿಲ್ಲ.

ನನಗೆ ಕಟ್ಟಿದವರು ಯಾರೋ ನನಗೂ ಗೊತ್ತಿಲ್ಲ, ಮಕ್ಕಳೇ. ಶರಣಮ್ಮನಿಗೆ ಕಟ್ಟಹೋದವಳ ಹೆಸರು ಮಾತ್ರ ಈ ಅಂಕಣದ ಮೇಲೆಯೇ ಅಚ್ಚಾಗಿದೆ.