ಹೊಳೆ ಒಯ್ದ ಕಾರಿನ ಹಿಂದೆ ಒಂದು ಬಾಡಿಗೆ ಸೈಕಲ್

ನನ್ನ ಕಾರನ್ನು ಲಕ್ಷ್ಮಣತೀರ್ಥ ಹೊಳೆ ಕೊಂಡೊಯ್ದ ದಿನ ಹುಣಸೂರಿನಲ್ಲಿ ಮಳೆಯೇ ಇರಲಿಲ್ಲ. ಮೋಡ ಕವಿದಿತ್ತು, ಗಾಳಿ ಜೋರಾಗಿತ್ತು, ಅಷ್ಟೆ. ಮಳೆ ಬಿದ್ದದ್ದು ಮೇಲೆ, ಕೊಡಗಿನಲ್ಲಿ. ಆ ನೀರು ನಮ್ಮೂರು ಮುಟ್ಟುವ ಹೊತ್ತಿಗೆ ನನ್ನ ಡ್ರೈವರ್ ಜವರಯ್ಯ ಬಿಳಿ ಅಂಬಾಸಿಡರನ್ನು ಹೊಳೆಯಂಚಿಗೆ ಇಳಿಸಿ ತೊಳೆಯುತ್ತಿದ್ದರಂತೆ. ಅವರು ಯಾವಾಗಲೂ ಕಾರು ತೊಳೆಯುತ್ತಿದ್ದದ್ದು ಅಲ್ಲೇ. ಊರಿನ ಲಾರಿ, ಎತ್ತು, ಎಮ್ಮೆಗಳ ಸ್ನಾನವೂ ಅಲ್ಲೇ.

ತೊಂಬತ್ತರ ದಶಕದ ನಡುವಿನ ಒಂದು ಆಷಾಢದ ಮಾತು ಇದು. ನಾನಾಗ ಹುಣಸೂರಿನ ದೊಡ್ಡ ರಸ್ತೆಯಲ್ಲಿ ಸಣ್ಣದೊಂದು ಹೆರಿಗೆ ಆಸ್ಪತ್ರೆ ನಡೆಸುತ್ತಿದ್ದೆ. ಕೆಳಗೆ ಆಸ್ಪತ್ರೆ, ಮೇಲೆ ಮನೆ. ನನ್ನ ಯಜಮಾನರಿಗೆ ಮೈಸೂರಿನ ಕಾಲೇಜಿನಲ್ಲಿ ಕೆಲಸ. ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಬೆಳಗಿನ ರೋಗಿಗಳನ್ನು ನೋಡುತ್ತಿದ್ದಾಗ ಹೊಳೆಯಲ್ಲಿ ಬಟ್ಟೆ ಒಗೆಯುವ ಮಾದಮ್ಮ ಒದ್ದೆ ಸೀರೆಯಲ್ಲೇ ಒಳಗೆ ನುಗ್ಗಿದಳು.

"ಡಾಕ್ಟ್ರವ್ವ, ಕಾರು ಓಯ್ತು! ಒಳೆ ಎಳ್ಕೊಂಡ್ ಓಯ್ತು!"

"ಜವರಯ್ಯ?"

"ಅದೇ ಗೊತ್ತಾಯ್ತಿಲ್ಲ ಕಣವ್ವ. ಒಳಗೇ ಇದ್ರು ಅಂತ ಒಬ್ರು, ಇಲ್ಲ ಅಂತ ಇನ್ನೊಬ್ರು. ನಾ ತಿರುಗಿ ನೋಡೋ ವೊತ್ಗೆ ಬಿಳೀ ಟಾಪು ಒಂದೇ ಕಾಣ್ತಿತ್ತು."

ಸೇತುವೆಯ ಮೇಲೆ ಆಗಲೇ ಜನ ನೆರೆದಿದ್ದರು. ಕೆಳಗೆ ಕೆಮ್ಮಣ್ಣಿನ ನೀರು ಮರದ ದಿಮ್ಮಿಗಳನ್ನು ಹೊರಳಿಸಿಕೊಂಡು ಹೋಗುತ್ತಿತ್ತು. ಪೊಲೀಸರು ಬಂದಿದ್ದರು, ಹಗ್ಗ ಬಂದಿತ್ತು. ಆದರೆ ಆ ನೀರಿಗೆ ಯಾರನ್ನು ಇಳಿಸುವುದು? "ನೀವ್ ಮನೇಗ್ ನಡೀರಿ ಅಮ್ಮಾವ್ರೆ, ಏನಾದ್ರೂ ಗೊತ್ತಾದ್ರೆ ಏಳ್ ಕಳುಸ್ತೀವಿ" ಎಂದರು ಯಾರೋ. ಮನೆಗೆ ಹೋಗಿ ಏನು ಮಾಡಲಿ? ಸೇತುವೆಯ ಈ ತುದಿಯಿಂದ ಆ ತುದಿಗೆ ನಾಲ್ಕೈದು ಸಲ ನಡೆದೆ. ಆಟೋದವರನ್ನು ಕೇಳಿದರೆ, ಹೊಳೆಯಂಚಿನ ದಾರಿಯಲ್ಲಿ ಮೋರಿಯ ಮೇಲೆ ನೀರು ಹರಿಯುತ್ತಿದೆ, ಬರುವುದಿಲ್ಲ ಎಂದರು. ಕೊನೆಗೆ ಬಸ್ ನಿಲ್ದಾಣದ ಹತ್ತಿರದ ಸೈಕಲ್ ಶಾಪಿಗೆ ಹೋದೆ. ಬಾಡಿಗೆ ಗಂಟೆಗೆ ಎರಡು ರೂಪಾಯಿ. ಅಂಗಡಿಯ ಸಾಬರು ನನ್ನನ್ನೂ ನನ್ನ ಸೀರೆಯನ್ನೂ ನೋಡಿದರು.

"ಓಡಿಸೋಕೆ ಬರ್ತದಾ ಅಮ್ಮ?"

"ಕಾಲೇಜಿನಲ್ಲಿದ್ದಾಗ ಬರ್ತಿತ್ತು."

ವಿಷಯ ಕೇಳಿದ ಮೇಲೆ ಅವರು ಮತ್ತೊಂದು ಮಾತಾಡದೆ ಇದ್ದ ಒಂದೇ ಲೇಡೀಸ್ ಸೈಕಲ್ಲನ್ನು ಹೊರಗೆ ತೆಗೆದು, ಎರಡೂ ಚಕ್ರಕ್ಕೆ ಗಾಳಿ ಹೊಡೆದು, ಸೀಟನ್ನು ಒಂದಿಷ್ಟು ಇಳಿಸಿ ಕೊಟ್ಟರು.

ಮೊದಲು ಹೋಗಬೇಕಾದದ್ದು ಜವರಯ್ಯನ ಮನೆಗೆ. ಅದು ಎಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ರಾತ್ರಿ ಕರೆ ಬಂದಾಗ ಅವರು ಎಲ್ಲಿಂದಲೋ ಬರುತ್ತಿದ್ದರು, ಕಾರು ತೆಗೆಯುತ್ತಿದ್ದರು. ಕಾರಿನಲ್ಲಿ ಓಡಾಡುವವರಿಗೆ ಊರೆಂದರೆ ಕಾರು ಹಿಡಿಸುವಷ್ಟೇ. ಉಳಿದ ಹುಣಸೂರು ನನಗೆ ಆಸ್ಪತ್ರೆಗೆ ಬಂದವರು ಹೇಳುತ್ತಿದ್ದ ವಿಳಾಸಗಳಾಗಿ ಮಾತ್ರ ಗೊತ್ತಿತ್ತು: ಮರದ ಮಿಲ್ಲಿನ ಹಿಂದೆ, ಹಳೇ ಬಾವಿ ಪಕ್ಕ, ಗೂಡಿನ ಬೀದಿ.

ಹ್ಯಾಂಡಲ್ ಅತ್ತಿತ್ತ ಹೊಯ್ದಾಡಿ, ಒಂದು ತರಕಾರಿ ಗಾಡಿಗೆ ತಾಗಿ, ಮರದ ಮಿಲ್ಲಿನ ಪಕ್ಕದ ಓಣಿಗೆ ತಿರುಗಿದೆ. ಗರಗಸದ ಸದ್ದು, ಹಸಿ ಮರದ ವಾಸನೆ. ಮುಂದೆ ಓಣಿ ಇನ್ನೂ ಕಿರಿದಾಯಿತು. ಬಾಗಿಲಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದ ಹೆಂಗಸರು ಎದ್ದು ನಿಂತರು. "ಅಯ್, ಡಾಕ್ಟ್ರವ್ವ! ಸೈಕಲ್ಲು!" ಮುಖಗಳೆಲ್ಲ ಪರಿಚಯದವೇ. ಒಬ್ಬಳಿಗೆ ಅವಳಿ ಮಕ್ಕಳು, ಒಬ್ಬಳಿಗೆ ಸಿಸೇರಿಯನ್, ಇನ್ನೊಬ್ಬಳ ಮಗು ಎರಡು ದಿನ ಅಳದೇ ಇದ್ದು ನನ್ನ ನಿದ್ದೆ ಕೆಡಿಸಿತ್ತು. ಅದೀಗ ಕೋಳಿ ಅಟ್ಟಿಸಿಕೊಂಡು ಓಡುತ್ತಿತ್ತು. ಬೇರೆ ದಿನವಾಗಿದ್ದರೆ ಇಳಿದು ಮಾತಾಡಿಸುತ್ತಿದ್ದೆನೋ ಏನೋ. ಆ ದಿನ ಇಳಿಯುವಷ್ಟೂ ವ್ಯವಧಾನವಿರಲಿಲ್ಲ. "ಜವರಯ್ಯನ ಮನೆ?" ಎಂದೆ. "ಇಲ್ಲೇ ಕಣವ್ವ, ನಿಮ್ ಆಸ್ಪತ್ರೆ ಇಂದೆ!"

ಹೌದು. ಎರಡು ಓಣಿ ಸುತ್ತಿ ಬಂದು ನಿಂತರೆ, ಹೆಂಚುಗಳ ಆಚೆ ನಮ್ಮ ಆಸ್ಪತ್ರೆಯ ನೀರಿನ ಟ್ಯಾಂಕು ಕಾಣುತ್ತಿತ್ತು.

ಜವರಯ್ಯನ ಹೆಂಡತಿ ಚಿಕ್ಕತಾಯಮ್ಮ ಅಂಗಳದಲ್ಲಿ ಪಾತ್ರೆ ಬೆಳಗುತ್ತಿದ್ದರು. ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ನನ್ನನ್ನು ಕಂಡು ಗಾಬರಿಯಿಂದ ಎದ್ದರು. "ನೀವ್ಯಾಕ್ ಬಂದ್ರಿ? ಏಳ್ ಕಳ್ಸಿದ್ರೆ ನಾನೇ ಬತ್ತಿದ್ನಲ್ಲ." ಎಷ್ಟೋ ಮನೆಯವರಿಗೆ ಕೆಟ್ಟ ಸುದ್ದಿ ಹೇಳಿದ ಬಾಯಿ ನನ್ನದು. ಆದರೂ ಅಂದು ತಡವರಿಸಿತು. ಹೇಳಿ ಮುಗಿಸಿದಾಗ ಅವರು ಅಳಲಿಲ್ಲ. ಕೈಯ ಬೂದಿಯನ್ನು ತೊಳೆದುಕೊಂಡು ಕೇಳಿದರು:

"ಕಾರು ಕೆಳೀಕ್ ಓಯ್ತಾ?"

"ಹೌದು."

"ಅಂಗಾದ್ರೆ ಇವ್ರೂ ಕೆಳೀಕೇ ಓಗವ್ರೆ. ಒಳಗಿರ್ಲಿ, ಒರಗಿರ್ಲಿ, ಆ ಕಾರ್ ಬುಟ್ ಬರೋ ಮನ್ಸ ಅಲ್ಲ." ಬಾಗಿಲು ಎಳೆದುಕೊಂಡು ಬಂದು ಕ್ಯಾರಿಯರ್ ಮುಟ್ಟಿ ನೋಡಿದರು. "ನನ್ನ ತೂಕ ತಡೀತದಾ?"

ಹೀಗೆ ನಾವಿಬ್ಬರೂ ಹೊರಟೆವು, ನಾನು ತುಳಿಯುತ್ತಾ, ಅವರು ಹಿಂದೆ ಒಂದೇ ಕಡೆಗೆ ಕಾಲು ಬಿಟ್ಟುಕೊಂಡು ನನ್ನ ಸೊಂಟ ಹಿಡಿದು ಕೂತು. ಊರಿನ ಕೊನೆಯ ಇಟ್ಟಿಗೆ ಗೂಡುಗಳಿಗೆ ಪ್ಲಾಸ್ಟಿಕ್ ಹೊದಿಸಿದ್ದರು. ಮದುವೆಗೆ ಮುಂಚೆ ಆ ಗೂಡಿನಲ್ಲೇ ಇಟ್ಟಿಗೆ ಒತ್ತುತ್ತಿದ್ದೆ ಎಂದು ಚಿಕ್ಕತಾಯಮ್ಮ ಹೇಳಿದರು. ಆಮೇಲೆ ಸ್ಮಶಾನ ಬಂತು, ಅಲ್ಲಿ ಯಾರು ಯಾರಿದ್ದಾರೆಂದು ಹೇಳಿದರು. ಗದ್ದೆಗಳು ಬಂದವು, ಯಾವುದು ಯಾರದೆಂದು ಹೇಳಿದರು. ನಡುವೆ ತಾವೇ ನಿಲ್ಲಿಸಿ, "ಸುಮ್ನಿದ್ರೆ ತಲೆ ಕೆಟ್ಟೋಯ್ತದೆ ಕಣವ್ವ. ಮಾತಾಡ್ತಿರ್ತೀನಿ ಬುಡಿ" ಎಂದರು. ನನಗೂ ಅದೇ ಬೇಕಾಗಿತ್ತು.

ಮೋರಿಯ ಮೇಲೆ ಮೊಣಕಾಲುದ್ದ ನೀರಿತ್ತು. ಸೈಕಲ್ಲನ್ನು ಮುಂದೆ ಒಬ್ಬರು, ಹಿಂದೆ ಒಬ್ಬರು ಎತ್ತಿ ಹಿಡಿದು ದಾಟಿದೆವು. ಆಚೆಗೆ ಒಂದು ಟೀ ಅಂಗಡಿ, ಅಲ್ಲಿದ್ದವರನ್ನು ಕೇಳಿದೆ. ಒಬ್ಬ ಬಿಳಿ ಕಾರು ಹೋದದ್ದನ್ನು ನೋಡಿದೆ ಎಂದ. ಇನ್ನೊಬ್ಬ, ಅದು ಕಾರಲ್ಲ, ಬಿಳಿ ಹಸು ಎಂದ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಮಾಡು ರಿಪೇರಿ ಮಾಡುತ್ತಿದ್ದವನೊಬ್ಬ ಮೇಲಿನಿಂದಲೇ ಕೂಗಿದ: "ಒಳೇಲಿ ಓದುದ್ದೆಲ್ಲ ಕಟ್ಟೆಮಳಲವಾಡಿ ಕಟ್ಟೇಲಿ ನಿಲ್ತದೆ ಕಣ್ರವ್ವ. ಅಲ್ಲೀಗಂಟ ಓಗಿ ನೋಡಿ." ಟೀ ತರಿಸಿದ್ದೆವು, ಇಬ್ಬರೂ ಕುಡಿಯದೆ ಎದ್ದೆವು.

ಅಲ್ಲಿಂದ ದಾರಿ ಹೊಳೆಯನ್ನು ಬಿಟ್ಟು ಹೊಲಗಳ ನಡುವೆ ಏರಿಳಿಯುತ್ತದೆ. ಕಾರಿನಲ್ಲಿ ಕುಳಿತಾಗ ಎಂದೂ ಕಾಣದ ಏರುಗಳು ಅವು. ಎದುರುಗಾಳಿ ಬೇರೆ. ಪ್ರತಿ ಏರಿನಲ್ಲೂ ಚಿಕ್ಕತಾಯಮ್ಮ ಧುಮುಕಿ ಹಿಂದಿನಿಂದ ತಳ್ಳುತ್ತಿದ್ದರು, ಇಳಿಜಾರಿನಲ್ಲಿ ಓಡಿ ಬಂದು ಹತ್ತುತ್ತಿದ್ದರು. ನನ್ನ ತೊಡೆಗಳು ನಡುಗುತ್ತಿದ್ದವು, ಆದರೆ ನಿಂತರೆ ಯೋಚನೆ ಬರುತ್ತಿತ್ತು. ನಿಲ್ಲಲಿಲ್ಲ.

ಹೊಳೆಗೆ ಅಡ್ಡ ಹಾಕಿದ ಆ ಕಟ್ಟೆಯ ಬಳಿ ಹತ್ತಿಪ್ಪತ್ತು ಜನ ಉದ್ದನೆಯ ಗಳುಗಳಿಂದ ತೇಲಿ ಬರುವ ಮರ ಎಳೆದುಕೊಳ್ಳುತ್ತಿದ್ದರು. ಕಾರು ಬಂದಿಲ್ಲ, ಮನುಷ್ಯರೂ ಬಂದಿಲ್ಲ ಎಂದರು. "ಇನ್ನ ಬರಬೌದು" ಎಂದು ಒಬ್ಬ ಮುದುಕರು ಹೇಳಿ, ಹೇಳಬಾರದಿತ್ತೆಂದು ಮುಖ ತಿರುಗಿಸಿಕೊಂಡರು.

ಚಿಕ್ಕತಾಯಮ್ಮ ನೀರಿಗೆ ಬೆನ್ನು ಮಾಡಿ ಒಂದು ಕಲ್ಲಿನ ಮೇಲೆ ಕುಳಿತರು. "ನೀವ್ ನೋಡಿ. ನಾ ನೋಡಾಕಿಲ್ಲ. ಬಂದ್ರೆ ಏಳಿ."

ನಾನು ನೋಡಿದೆ. ಮಾತು ಅಲ್ಲಿಗೆ ನಿಂತಿತ್ತು, ಅದೇ ದೊಡ್ಡ ಕಷ್ಟ. ಒಂದು ಗುಡಿಸಲಿನ ಸೂರು ಬಂತು. ಬಾಳೆಗಿಡಗಳು ಬಂದವು. ಸತ್ತ ಕರು ಬಂತು. ನೀರು ಮನುಷ್ಯನ ಮೈಯನ್ನು ಏನು ಮಾಡುತ್ತದೆಂದು ವೈದ್ಯಳಾದ ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಒಂದು ಕಡೆ ನಿಲ್ಲಲಾಗಲಿಲ್ಲ. ಕಟ್ಟೆಯ ಉದ್ದಕ್ಕೂ ಓಡಾಡಿದೆ. ಒಮ್ಮೆ ಖಾಕಿ ಬಣ್ಣದ್ದೇನೋ ಹೊರಳುತ್ತಾ ಬಂದಾಗ ನನ್ನ ಬಾಯಿಂದ ಸದ್ದು ಹೊರಟಿರಬೇಕು. ಜವರಯ್ಯ ಹಾಕುತ್ತಿದ್ದದ್ದು ಖಾಕಿ ಅಂಗಿ. ಗಳುವಿನವನು ಅದನ್ನು ಎಳೆದು ಎತ್ತಿ ತೋರಿಸಿದ. ಗೋಣಿಚೀಲ.

"ಚೀಲ, ಚಿಕ್ಕತಾಯಮ್ಮ. ಬರೀ ಚೀಲ."

ಅವರು ತಿರುಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಸುಮ್ಮನೆ ತಲೆಯಾಡಿಸಿದರು.

ಮಧ್ಯಾಹ್ನ ಇಳಿಯುವಾಗ ಕುರಿ ಹೊಡೆದುಕೊಂಡು ಒಬ್ಬಾತ ಬಂದ. ಗಳುವಿನವರಿಗೆ ಅವನು ಹೇಳುತ್ತಿದ್ದ ಮಾತು ನನ್ನ ಕಿವಿಗೆ ಬಿತ್ತು. "ಮೇಲ್ಗಡೆ ತಿರುವ್ನಲ್ಲಿ ಒಂದ್ ಕಾರು ಮತ್ತಿಮರಕ್ಕೆ ಸಿಕ್ಕಾಕೊಂಡದೆ ಕಣ್ಲಾ. ಆಚೆ ದಡದಲ್ಲಿ ಒಬ್ಬ ಕುಂತವ್ನೆ. ಎಷ್ಟ್ ಕೂಗುದ್ರೂ ಊ ಅನ್ನಾಕಿಲ್ಲ, ಆ ಅನ್ನಾಕಿಲ್ಲ."

ನಾವು ಬರುವಾಗ ರಸ್ತೆ ಹೊಳೆಯನ್ನು ಬಿಟ್ಟಿತ್ತಲ್ಲ, ಅದೇ ತಿರುವು. ಈ ಸಲ ರಸ್ತೆ ಬೇಡವೆಂದು ನಾಲೆಯ ಏರಿ, ಬದು, ಕೆಸರು ಸಿಕ್ಕಲ್ಲೆಲ್ಲ ಸೈಕಲ್ ತಳ್ಳಿಕೊಂಡು ಓಡಿದೆವು. ಚಿಕ್ಕತಾಯಮ್ಮ ನನಗಿಂತ ಮುಂದಿದ್ದರು. ಅವರು ಗಕ್ಕನೆ ನಿಂತದ್ದನ್ನು ಕಂಡು ಸೈಕಲ್ಲನ್ನು ಬದುವಿನ ಮೇಲೆ ಬಿಟ್ಟು ಅವರ ಪಕ್ಕಕ್ಕೆ ಓಡಿದೆ.

ಹೊಳೆಯ ಆಚೆಗೆ, ಅರ್ಧ ಮುಳುಗಿದ ಮರದ ಕವಲಿನಲ್ಲಿ ಅಂಬಾಸಿಡರ್ ಮೂತಿ ಮೇಲೆತ್ತಿ ಸಿಕ್ಕಿಕೊಂಡಿತ್ತು. ಅದರ ಎದುರಿಗೇ, ಆಚೆ ದಡದ ಮೇಲೆ, ಖಾಕಿ ಅಂಗಿಯ ಜವರಯ್ಯ ಮೊಣಕಾಲು ತಬ್ಬಿಕೊಂಡು ಕುಳಿತಿದ್ದರು.

"ಬದ್ಕಿದ್ದೀಯಾ!" ಎಂದು ಕಿರುಚಿದರು ಚಿಕ್ಕತಾಯಮ್ಮ. "ಬುದ್ಧಿ ಅದಾ ನಿಂಗೆ? ಮನೆ ಅನ್ನೋದ್ ಒಂದ್ ಅದೆ ಅಂತ ಗ್ಯಾನ ಅದಾ?" ಸೆರಗು ಬಿಚ್ಚಿ ಬೀಸುತ್ತಾ ಬೈದರು, ಬೈಯುತ್ತಾ ಅತ್ತರು. ನೀರಿನ ಮೊರೆತದಲ್ಲಿ ಒಂದಕ್ಷರವೂ ಅತ್ತ ಹೋಗಿರಲಿಕ್ಕಿಲ್ಲ. ಜವರಯ್ಯ ನಮ್ಮನ್ನು ಕಂಡು ಎದ್ದರು. ಎರಡೂ ಕೈಯಿಂದ ಕಾರನ್ನು ತೋರಿಸಿದರು. ಆಮೇಲೆ ನನ್ನ ಕಡೆ ಕೈ ಮುಗಿದರು. ಬಿಟ್ಟು ಬನ್ನಿ ಎಂದು ನಾನು ಸನ್ನೆ ಮಾಡಿದೆ. ಅವರಿಗೆ ಹೇಗೆ ಅರ್ಥವಾಯಿತೋ, ಮತ್ತೆ ಅಲ್ಲೇ ಕುಳಿತರು.

"ನೀವು ಅತ್ರ ಓಗಿ ಏಳ್ದೆ ಅವ್ರು ಅಲ್ಲಿಂದ ಕದ್ಲಾಕಿಲ್ಲ ಕಣವ್ವ" ಎಂದರು ಚಿಕ್ಕತಾಯಮ್ಮ. "ನೀವ್ ಸೇತುವೆ ಸುತ್ಕೊಂಡ್ ಓಗಿ. ನಾ ಇಲ್ಲೇ ಇದ್ದು ನೋಡ್ತಿರ್ತೀನಿ. ಕಣ್ಮುಂದೆ ಇರ್ಲಿ."

ಅಲ್ಲಿಂದ ಸೇತುವೆಗೆ ನಾಲ್ಕು ಕಿಲೋಮೀಟರ್ ಇರಬಹುದು. ಒಬ್ಬಳೇ ತುಳಿದೆ. ಮೋರಿಯ ನೀರಿನಲ್ಲಿ ಟೀ ಅಂಗಡಿಯವನೊಬ್ಬ ಸೈಕಲ್ ಎತ್ತಿ ದಾಟಿಸಿಕೊಟ್ಟ. ಊರು ಹೊಕ್ಕಾಗ ಗೂಡಿನವರು, ಬೀಡಿ ಕಟ್ಟುವವರು, ಮಿಲ್ಲಿನವರು ಎಲ್ಲರೂ ಬಾಗಿಲಿಗೆ ಬಂದು ನಿಂತಿದ್ದರು. "ಸಿಕ್ಕುದ್ರಾ?" "ಸಿಕ್ಕಿದ್ರು." ಮುಂದಿನ ಮನೆ. "ಸಿಕ್ಕುದ್ರಾ?" "ಸಿಕ್ಕಿದ್ರು, ಬದುಕಿದ್ದಾರೆ." ಯಾರೋ ಹೆಂಗಸು ಅಡ್ಡ ನಿಂತು ಚೊಂಬಿನಲ್ಲಿ ಮಜ್ಜಿಗೆ ಕೊಟ್ಟಳು, ಕಾಲೂರಿ ನಿಂತೇ ಕುಡಿದೆ. ಬೆಳಿಗ್ಗೆ ದಾರಿ ಕೇಳಿಕೊಂಡು ಹೋದ ಓಣಿಗಳಲ್ಲಿ ಈಗ ತಿರುವುಗಳು ತಾವಾಗಿಯೇ ಬರುತ್ತಿದ್ದವು.

ಸೇತುವೆಯಾಚೆ ಹೊಳೆಯಂಚಿಗೆ ರಸ್ತೆಯೇ ಇರಲಿಲ್ಲ, ಕಬ್ಬಿನ ಗದ್ದೆಯ ಬದುಗಳು. ಹೆಚ್ಚು ದೂರ ಸೈಕಲ್ಲನ್ನು ತಳ್ಳಿಕೊಂಡೇ ನಡೆದೆ. ನಾನು ಮುಟ್ಟಿದಾಗ ಬಿಸಿಲಿಲ್ಲದ ಆ ದಿನದ ಬೆಳಕು ಇಳಿಯತೊಡಗಿತ್ತು. ಜವರಯ್ಯ ತಡಬಡಿಸಿ ಎದ್ದರು.

"ಸೋಪ್ ತಕ್ಕೋಳಾಕೆ ದಡಕ್ ಬಂದಿದ್ದೆ ಅಮ್ಮಾವ್ರೆ. ತಿರುಗೋ ಅಷ್ಟ್ರಲ್ಲಿ ನೀರು ಬಂದ್ಬುಡ್ತು. ಈ ಕಡೆ ದಡಕ್ ಎಳೀತು, ಅದ್ಕೆ ಜನ ಸೇರೋಕ್ ಮುಂಚೇನೆ ಸೇತುವೆ ದಾಟಿ ಓಡ್ ಬಂದೆ. ಒಂದ್ ಗಳಿಗೇನೂ ಕಣ್ತಪ್ಸಿಲ್ಲ."

ಅವರ ಪಾದ ನೋಡಿದೆ. ಚಪ್ಪಲಿ ಇರಲಿಲ್ಲ. ಕಬ್ಬಿನ ಕೂಳೆ ಹೊಕ್ಕು ಎರಡೂ ಅಂಗಾಲು ಸೀಳಿದ್ದವು.

"ಧನುರ್ವಾತದ ಇಂಜೆಕ್ಷನ್ ಹಾಕಬೇಕು. ನಡೀರಿ."

"ಕಾರು?"

"ಅದಕ್ಕೆ ನನ್ನ ಹತ್ತಿರ ಇಂಜೆಕ್ಷನ್ ಇಲ್ಲ ಜವರಯ್ಯ."

ಅವರು ಹ್ಯಾಂಡಲ್‌ಗೆ ಕೈ ಹಾಕಿದರು. "ನೀವ್ ಇಂದೆ ಕುಂತ್ಕಳಿ. ನಾನ್ ತುಳೀತೀನಿ." ಆ ಪಾದಗಳಲ್ಲಿ ತುಳಿಯಲು ನಾನು ಬಿಡಲಿಲ್ಲ. ನಾನು ತುಳಿಯುತ್ತೇನೆಂದರೆ ಕ್ಯಾರಿಯರ್ ಮೇಲೆ ಕೂರಲು ಅವರು ಒಪ್ಪಲಿಲ್ಲ. ನಾಲ್ಕು ಹೆಜ್ಜೆ ಕುಂಟಿದ ಮೇಲೆ ಒಪ್ಪಿದರು, ನಾನು ತುಳಿಯಕೂಡದು, ತಳ್ಳಿಕೊಂಡು ನಡೆಯಬೇಕು ಎಂಬ ಷರತ್ತಿನ ಮೇಲೆ. ಕೂತ ಮೇಲೂ ಎರಡು ಸಲ ಹಿಂದೆ ತಿರುಗಿ ಮರದ ಕಡೆ ನೋಡಿದರು. ನೀರು ಇಳಿದ ಮೇಲೆ ಟ್ರಾಕ್ಟರ್ ಕಟ್ಟಿ ಆ ಕಾರನ್ನು ಎಳೆಸಿದೆವು. ಅದು ಮತ್ತೆ ಓಡಲಿಲ್ಲ, ಗುಜರಿಗೆ ಹೋಯಿತು. ಅಂದು ಸಂಜೆ ಮಾತ್ರ ಅದು ನಮ್ಮ ಬೆನ್ನ ಹಿಂದೆ ಮೂತಿ ಎತ್ತಿಕೊಂಡು ನಿಂತೇ ಇತ್ತು.

ನಾವು ಹೊರಟದ್ದನ್ನು ಕಂಡು ಎದುರು ದಡದಲ್ಲಿ ಚಿಕ್ಕತಾಯಮ್ಮನೂ ಹೊರಟರು. ಮರಗಳ ಸಂದಿನಲ್ಲಿ ಅವರ ಸೀರೆ ಕಾಣುವುದು, ಮರೆಯಾಗುವುದು, ಮತ್ತೆ ಕಾಣುವುದು. ನಾವು ನಿಂತರೆ ಅವರೂ ನಿಲ್ಲುತ್ತಿದ್ದರು. ಹೊಳೆ ಕಿರಿದಾದ ಒಂದು ಕಡೆ ಕೈ ಬಾಯಿಗೆ ಒಡ್ಡಿ ಏನೋ ಕೂಗಿದರು.

"ಏನಂತೆ?" ಎಂದೆ.

ಜವರಯ್ಯ ಕಿವಿಗೆ ಕೈ ಇಟ್ಟು ಆಲಿಸಿದರು. "ಕೇಳಿಸ್ತಿಲ್ಲ ಅಮ್ಮಾವ್ರೆ. ಬಯ್ತಾವ್ಳೆ." ಅಂದು ಮೊದಲ ಸಲ ಅವರು ನಕ್ಕರು.

ಸೇತುವೆ ಮುಟ್ಟಿದಾಗ ಆ ತುದಿಯಿಂದ ಚಿಕ್ಕತಾಯಮ್ಮ ಬರುತ್ತಿದ್ದರು. ಮೊದಲು ನಡೆದು, ಆಮೇಲೆ ಓಡಿ. ಜವರಯ್ಯ ಕ್ಯಾರಿಯರಿನಿಂದ ಇಳಿದರು. ನಾನು ಸೈಕಲ್ಲನ್ನು ಸೇತುವೆಯ ತಡೆಗೋಡೆಗೆ ಒರಗಿಸಿ, ಅವರಿಬ್ಬರ ಮಾತು ಮುಗಿಯುವವರೆಗೆ ಹೊಳೆಯ ಕಡೆ ತಿರುಗಿ ನಿಂತೆ.