ಕಡೆಯ ದೋಸೆ

ಕಾವಲಿಯಿಂದ ಎದ್ದ ದೋಸೆಯ ಆಯುಷ್ಯ ತೀರ ಅಲ್ಪ, ಓದುಗರೇ. ತಟ್ಟೆಗೆ ಬಿದ್ದ ಸ್ವಲ್ಪ ಹೊತ್ತಿಗೇ ಗರಿ ಕಳೆದುಕೊಂಡು ಮೆತ್ತಗಾಗಿ, ಆಮೇಲೆ ಚರ್ಮದ ಹದಕ್ಕೆ ಬಂದು, ತಿನ್ನುವವರ ಹಲ್ಲಿಗಿಂತ ಸಹನೆಯನ್ನೇ ಹೆಚ್ಚಾಗಿ ಪರೀಕ್ಷಿಸುತ್ತದೆ. ಹೊಳೆನರಸೀಪುರದ ನಮ್ಮ ಮನೆಯಲ್ಲಿ ಆ ಪರೀಕ್ಷೆಗೆ ತಪ್ಪದೆ ಕೂರುತ್ತಿದ್ದವಳು ನನ್ನ ಅಮ್ಮ.

ದಸರೆ ಬಂತೆಂದರೆ ಅರಕಲಗೂಡಿನಿಂದ ದೊಡ್ಡಪ್ಪನವರ ಸಂಸಾರ, ಚನ್ನರಾಯಪಟ್ಟಣದಿಂದ ಸೋದರತ್ತೆಯ ಸಂಸಾರ ನಮ್ಮಲ್ಲಿಗೆ ಬಂದಿಳಿಯುತ್ತಿದ್ದವು. ಶಾಲೆಗೆ ರಜಾ, ಅಪ್ಪನ ಕಚೇರಿಗೆ ರಜಾ. ಒಲೆಗೆ ಮಾತ್ರ ರಜಾ ಮಂಜೂರು ಮಾಡುವ ಅಧಿಕಾರಿ ಇನ್ನೂ ಹುಟ್ಟಿರಲಿಲ್ಲ. ಗಂಡಸರ ಪಂಕ್ತಿ, ಮಕ್ಕಳ ಪಂಕ್ತಿ, ಬಂದ ಹೆಂಗಸರ ಪಂಕ್ತಿ ಎಲ್ಲ ಮುಗಿದ ಮೇಲೆ ಅಮ್ಮ, ಯಾರಿಗೂ ಬೇಡವಾಗಿ ಆರಿ ಸೆಟೆದ ದೋಸೆಯನ್ನು ಬಳಿದ ಚಟ್ನಿ ಪಾತ್ರೆಯ ತಳದಲ್ಲಿ ಒರೆಸಿಕೊಂಡು ತಿನ್ನುತ್ತಿದ್ದಳು. ಹಬ್ಬ ಎಷ್ಟು ಚೆನ್ನಾಗಿ ಆಯಿತೆಂದು ನಾವೆಲ್ಲ ಹಜಾರದಲ್ಲಿ ಕೂತು ಹೊಗಳುತ್ತಿದ್ದೆವು.

ನಾನು ಹಾಸನದಲ್ಲಿ ಕಾಲೇಜು ಓದುತ್ತಿದ್ದ ವರ್ಷ ಎರಡು ಸಂಸಾರಗಳೂ ನಮ್ಮ ಅಪ್ಪನ ಜೊತೆಗೂಡಿ ಜಂಬೂಸವಾರಿ ನೋಡಲು ಮೈಸೂರಿಗೆ ರೈಲು ಹತ್ತಿದವು. ಅಮ್ಮ ಬರುತ್ತಾಳೋ ಎಂದು ಯಾರೂ ಕೇಳಲಿಲ್ಲ. ಹಸು ಕರೆಯುವವರು ಬೇಕಲ್ಲ ಎಂದು ಅಪ್ಪ ಹೇಳಿದ್ದೇ ತೀರ್ಮಾನವಾಯಿತು. ದಾರಿಯ ಬುತ್ತಿ ಕಟ್ಟಿಕೊಟ್ಟವಳೂ ಅವಳೇ. ನಾನು ಉಳಿದದ್ದನ್ನು ಮಾತೃಭಕ್ತಿಯೆಂದು ಎಣಿಸಬೇಡಿ; ಜನಜಂಗುಳಿ ಕಂಡರೆ ನನಗೆ ತಲೆಸುತ್ತು.

ಮಾರನೆಯ ಬೆಳಗ್ಗೆ ಮನೆ ನಿಶ್ಶಬ್ದವಾಗಿತ್ತು. ಅಮ್ಮ ರೂಢಿಯಂತೆ ಒಲೆಯ ಮುಂದೆ ಕೂತು ಹಿಟ್ಟಿಗೆ ಸೌಟು ಹಾಕಿದಳು. ನನಗೇನನ್ನಿಸಿತೋ, ಸೌಟು ಕಿತ್ತುಕೊಂಡು ಅವಳನ್ನು ಮಣೆಯ ಮೇಲೆ ಕೂರಿಸಿದೆ. ನಾನು ಹುಯ್ದ ಮೊದಲ ದೋಸೆ, ಹಿಂದಿನ ವರ್ಷವಷ್ಟೇ ಏಕೀಕರಣಗೊಂಡ ರಾಜ್ಯದ ಭೂಪಟದಂತೆ ಮೂಡಿ, ಎಬ್ಬಿಸುವಾಗ ಮತ್ತೆ ಹರಿದು ಹಂಚಿಹೋಯಿತು. ಎರಡನೆಯದು ಮರ್ಯಾದೆಯಿಂದ ಎದ್ದಿತು. ಬೆಣ್ಣೆಯಿಟ್ಟು ಬಡಿಸಿದೆ.

ಅಮ್ಮ ಒಂದು ತುಂಡು ಮುರಿದು ಬಾಯಿಗಿಟ್ಟು ನಿಧಾನವಾಗಿ ಅಗಿದಳು. ಕೆಟ್ಟಿದೆಯೇನೋ ಎಂದು ನನಗೆ ಅಳುಕು.

"ಅಂಚು ಹಿಂಗೆ ಗರಿಗರಿ ಅನ್ನತ್ತೇನೇ, ಸರೋಜಾ?" ಎಂದಳು.

ಮದುವೆಯಾಗಿ ಬಂದಾಗಿನಿಂದ ಆ ಮನೆಯ ಸಮಸ್ತ ದೋಸೆಗಳನ್ನೂ ಹುಯ್ದ ಕೈ ಅದು. ನಾನು ಇನ್ನೊಂದು ಹುಯ್ದೆ. ತಿಂದಳು, ಮತ್ತೊಂದು ಕೇಳಿದಳು. ಕೇಳಿ ತಿಂದದ್ದನ್ನು ನಾನು ಕಂಡದ್ದು ಅದೇ ಮೊದಲು. ಅವರೆಲ್ಲ ಬರುವವರೆಗೆ ದಿನವೂ ಹಾಗೇ ನಡೆಯಿತು. ಆಮೇಲಾಮೇಲೆ ಕೂತಲ್ಲಿಂದಲೇ ನನ್ನ ದೋಸೆಗೆ ಹೆಸರಿಟ್ಟು ನಗುವಷ್ಟು ಸಲಿಗೆ ಅವಳಿಗೆ ಬಂತು.

ವಿಜಯದಶಮಿ ಕಳೆದು ಎಲ್ಲರೂ ಹಿಂತಿರುಗಿದರು. ನಾವಿಲ್ಲದೆ ಬೇಜಾರಾಗಿರಬೇಕು ಎಂದು ಅಪ್ಪ ಮರುಕಪಟ್ಟರು, ಅಮ್ಮ ಹೂಂಗುಟ್ಟಿದಳು. ಬೆಳಗ್ಗೆ ಹಜಾರದಲ್ಲಿ ಎಲೆ ಬಿದ್ದವು. ಆನೆ, ಅಂಬಾರಿ, ದೀಪಾಲಂಕಾರಗಳ ವರ್ಣನೆ ಏರುತ್ತಿರುವಾಗ ನಾನು ಅಡುಗೆಮನೆಗೆ ಹೋಗಿ, ಮೊದಲ ದೋಸೆ ನೀನು ತಿಂದುಬಿಡು, ನಾನು ಹುಯ್ಯುತ್ತೇನೆ ಎಂದು ಸೌಟಿಗೆ ಕೈಹಾಕಿದೆ.

ಅಮ್ಮ ಸೌಟು ಬಿಡಲಿಲ್ಲ.

"ಬೇಡ ಕಣೆ. ರುಚಿ ಗೊತ್ತಾಗ್ಬಿಟ್ಟಿದೆ. ಇನ್ಮೇಲೆ ದಿನಾ ಬೇಕು ಅನ್ಸತ್ತೆ."

ಹೊರಗಿನಿಂದ ದೊಡ್ಡಪ್ಪನವರು ಬಿಸಿಯಾಗಿ ಇನ್ನೆರಡು ಬರಲಿ ಎಂದರು. ಅಮ್ಮ ಕಾವಲಿಗೆ ನೀರು ಚಿಮುಕಿಸಿ ಹಿಟ್ಟು ಹುಯ್ದಳು. ನಾನು ತೆಗೆದುಕೊಂಡು ಹೋಗಿ ಬಡಿಸಿದೆ.